ಎಡಪ್ಪ ಬಲಪ್ಪರ ಮನೆ ವಿಳಾಸ

ನನ್ನ ಅತ್ತೆ ನನ್ನನ್ನು ಹೊಗಳುವುದು ವರ್ಷಕ್ಕೊಂದು ಸಲ. ಹೊಗಳಿದ ಮಾರನೆಯ ದಿನ ನನಗೆ ಏನೋ ಒಂದು ಕಾದಿರುತ್ತದೆ. ಈ ಸಲವೂ ಹಾಗೆಯೇ ಆಯಿತು. ಭಾನುವಾರ ಸಂಜೆ ಅವರು ಮೂರನೇ ಮಹಡಿಯ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ಕೆಳಗೆ ಟಪಾಲು ಡಬ್ಬಿಗಳಿರುವ ಬಾಗಿಲಿನವರೆಗೂ ಕೇಳಿಸುವಂತೆ ಸಾರಿದರು: "ನನ್ನ ಸೊಸೆ ಮೂರು ದಿನದ ಕೆಲಸಾನ ಅರ್ಧ ದಿನದಲ್ಲಿ ಮುಗಿಸಿದ್ಲು!" ಎದುರುಮನೆಯವರು ಹೌದಾ ಎಂದರು. ಬಟ್ಟೆ ತೆಗೆಯಲು ಮೇಲೆ ಹೋಗುತ್ತಿದ್ದವರು ಅರ್ಧ ಮೆಟ್ಟಿಲಲ್ಲಿ ನಿಂತು ಹೌದಾ ಎಂದರು. ನಾನು ಬಾಗಿಲ ಹಿಂದೆ ನಿಂತು, ಏನೂ ಕೇಳಿಸದವಳಂತೆ ಮುಖ ಮಾಡಿಕೊಂಡು, ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡೆ.

ಅತ್ತೆ ಸೊಸೆ ಇಬ್ಬರದೂ ಕೆಲಸ ಒಂದೇ ಕಡೆ. ಕೃತಕ ಕಾಲು ಮಾಡುವ ಕಾರ್ಖಾನೆ ನಮ್ಮದು. ಅತ್ತೆ ಕೆಳಗಡೆ ಕಿಟಕಿಯ ಪಕ್ಕ ಕೂತು ಕಾಲಿಗೆ ಬಿಗಿಯುವ ಪಟ್ಟಿ ಹೊಲಿಯುತ್ತಾರೆ. ನಾನು ತಂತಿ, ಕಂಪ್ಯೂಟರು, ಸರ್ವರ್ ನೋಡಿಕೊಳ್ಳುವವಳು. ಹಾಗಾಗಿ ಎಲ್ಲರ ಬಾಯಲ್ಲೂ ತಂತಿಯಮ್ಮ. ನನ್ನ ಕೋಣೆ ಮೆಟ್ಟಿಲ ಕೆಳಗೆ. ಹಿಂದೆ ಅಲ್ಲಿ ಪೊರಕೆ ಇಡುತ್ತಿದ್ದರಂತೆ. ಈಗಲೂ ಇಡುತ್ತಾರೆ, ನಾನು ಹೆಚ್ಚಿಗೆ ಸೇರಿಕೊಂಡಿದ್ದೇನೆ ಅಷ್ಟೆ.

ನಮ್ಮಲ್ಲೊಂದು ಪದ್ಧತಿಯಿದೆ. ಎಡಗಾಲುಗಳ ಅಳತೆ, ಚಿತ್ರ ಎಲ್ಲ ಒಂದು ಸರ್ವರ್ ಪೆಟ್ಟಿಗೆಯಲ್ಲಿ, ಬಲಗಾಲುಗಳದ್ದೆಲ್ಲ ಇನ್ನೊಂದರಲ್ಲಿ. ಪ್ಲಾಸ್ಟರಿನ ಅಚ್ಚುಗಳನ್ನು ಎರಡು ಬೀರುಗಳಲ್ಲಿ ಇಡುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡ ಮೇಸ್ತ್ರಿಗಳು ಮಾಡಿದ ನಿಯಮ ಅದು. ಬೀರುಗಳು ಹೋಗಿ ಪೆಟ್ಟಿಗೆಗಳು ಬಂದರೂ ನಿಯಮ ಅಲುಗಾಡಲಿಲ್ಲ. ಮೊದಲನೆಯ ಪೆಟ್ಟಿಗೆಗೆ ಎಡಪ್ಪ, ಎರಡನೆಯದಕ್ಕೆ ಬಲಪ್ಪ ಎಂದು ಹೆಸರಾಯಿತು. ಎಡಗಾಲಿನ ಕೆಲಸದವರು ಮಹಡಿ ಮೇಲೆ, ಬಲಗಾಲಿನವರು ಕೆಳಗೆ, ನಡುವೆ ಪೊರಕೆಗಳೊಂದಿಗೆ ನಾನು.

ಮೂರನೆಯ ಪೆಟ್ಟಿಗೆಯೂ ಒಂದಿದೆ, ಅದರ ಹೆಸರು ಗುಮಾಸ್ತ. ಅವನ ಬಳಿ ಒಂದು ಕಾಲೂ ಇಲ್ಲ. ಇರುವುದೊಂದು ಪುಸ್ತಕ: ಯಾರು ಎಲ್ಲಿದ್ದಾರೆ, ಯಾರ ಬಳಿ ಏನಿದೆ ಎಂಬ ಪಟ್ಟಿ. ಯಾವ ಕಂಪ್ಯೂಟರಿಗೆ ಯಾವ ಕಾಲು ಬೇಕಾದರೂ ಮೊದಲು ಗುಮಾಸ್ತನನ್ನು ಕೇಳಬೇಕು. ಅವನು ವಿಳಾಸ ಹೇಳುತ್ತಾನೆ, ಕೇಳಿದವರು ಅಲ್ಲಿಗೆ ಹೋಗುತ್ತಾರೆ. ವಿಳಾಸವೆಂದರೆ ನಡುನಡುವೆ ಚುಕ್ಕೆ ಇಟ್ಟ ನಾಲ್ಕು ಸಂಖ್ಯೆ. ಎಡಪ್ಪನದು ಇಪ್ಪತ್ತೊಂದಕ್ಕೆ ಮುಗಿಯುತ್ತದೆ, ಬಲಪ್ಪನದು ಇಪ್ಪತ್ತೆರಡಕ್ಕೆ. ಅಕ್ಕಪಕ್ಕದ ಮನೆಗಳು ಎಂದುಕೊಳ್ಳಿ.

ಹಳೆಯ ಬಲಪ್ಪ ಆರು ತಿಂಗಳಿಂದ ಏದುಸಿರು ಬಿಡುತ್ತಿದ್ದ. ಹೊಸ ಪೆಟ್ಟಿಗೆ ಬಂತು. ಅದನ್ನು ಮೊದಲಿಂದ ಸಿದ್ಧಪಡಿಸಲು ಮೂರು ದಿನ ಬೇಕು. ನಾನು ಜಾಣೆ ನೋಡಿ, ಆರೋಗ್ಯವಾಗಿದ್ದ ಎಡಪ್ಪನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಪೆಟ್ಟಿಗೆಗೆ ನಕಲು ಮಾಡಿದೆ. ಎಡಗಾಲುಗಳನ್ನು ತೆಗೆದು ಬಲಗಾಲುಗಳನ್ನು ತುಂಬಿದೆ, ಹೆಸರು ಬದಲಿಸಿದೆ, ವಿಳಾಸ ಇಪ್ಪತ್ತೆರಡು ಮಾಡಿದೆ. ಒಂದು ಬಲಗಾಲನ್ನು ತೆರೆದು ನೋಡಿದೆ, ಥಟ್ಟನೆ ತೆರೆಯಿತು. ಶಿಳ್ಳೆ ಹಾಕುತ್ತಾ ಮನೆಗೆ ಬಂದೆ. ಒಂದು ಎಡಗಾಲನ್ನೂ ತೆರೆದು ನೋಡೋಣ ಎಂಬ ಬುದ್ಧಿ ಬರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಗಂಡಸರಿಗೆ ಮಾತ್ರ ಎಂದುಕೊಂಡಿದ್ದೆನೋ ಏನೋ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಅಳತೆ ಕೋಣೆಯ ಬೆಂಚಿನ ಮೇಲೆ ಅಂಚೆಯಮ್ಮ ಆಗಲೇ ಕೂತಿದ್ದರು. ಇಸ್ತ್ರಿ ಮಾಡಿದ ಸಮವಸ್ತ್ರ, ಮಡಿಲಲ್ಲಿ ಖಾಲಿ ಟಪಾಲು ಚೀಲ, ಗೋಡೆಗೆ ಒರಗಿಸಿದ ಎರಡು ಊರುಗೋಲು. ಇಪ್ಪತ್ತಾರು ವರ್ಷ ಮನೆಮನೆಗೆ ಕಾಗದ ಹಂಚಿದ ಹೆಂಗಸು. ಎರಡು ವರ್ಷದ ಹಿಂದೆ ಲಾರಿಯೊಂದು ಹಿಂದಕ್ಕೆ ಬಂದು ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಹೋದ ತಿಂಗಳು ನಾವು ಕೊಟ್ಟ ಕಾಲಿನ ಬಟ್ಟಲು, ಅಂದರೆ ಉಳಿದ ಕಾಲು ಹೋಗಿ ಕೂರುವ ಭಾಗ, ಸಡಿಲವಾಗಿ ಹತ್ತು ಮೆಟ್ಟಿಲಿಗೇ ಚರ್ಮ ಉಜ್ಜುತ್ತಿತ್ತು. ಹೊಸ ಬಟ್ಟಲಿನ ಚಿತ್ರ ಶನಿವಾರವೇ ಸಿದ್ಧವಾಗಿತ್ತು. ಇವತ್ತು ಕೊರೆದು ಕೂರಿಸಿದರೆ ಮುಗಿಯಿತು.

ಕೂರಿಸಲೇಬೇಕಿತ್ತು. ಸಂಜೆ ನಾಲ್ಕಕ್ಕೆ ಅಂಚೆ ಕಚೇರಿಯಲ್ಲಿ ಅವರ ಪರೀಕ್ಷೆ. ಹಿಂಭಾಗದ ಅರವತ್ತೆರಡು ಮೆಟ್ಟಿಲನ್ನು ತುಂಬಿದ ಚೀಲ ಹೊತ್ತು, ಎಲ್ಲೂ ಕೂರದೆ ಹತ್ತಿ ಇಳಿಯಬೇಕು. ಎರಡು ಸಲ ದಿನ ಮುಂದೂಡಿದ್ದರು, ಮೂರನೇ ಸಲ ಮುಂದೂಡುವುದಿಲ್ಲ ಎಂದು ಕಾಗದ ಬಂದಿತ್ತು. ಇವತ್ತು ಹತ್ತದಿದ್ದರೆ ಅವರ ಬೀದಿಗಳು ಬೇರೆಯವರ ಪಾಲು. ಅಂಚೆಯಮ್ಮನಿಗೆ ನಿವೃತ್ತಿಯವರೆಗೂ ಕೌಂಟರು.

"ಕೂತ್ಕೊಂಡು ಮುದ್ರೆ ಕುಟ್ಟೋಕೆ ನಾನೇನು ಮರಕುಟಿಗಾನಾ?" ಎಂದರು ನನ್ನನ್ನು ನೋಡಿ. "ನನ್ನ ಬೀದಿಗಳು ನಂಗೆ ಬೇಕು ತಂತಿಯಮ್ಮ. ಒಂದೊಂದು ಮನೆ ನಾಯಿನೂ ಗೊತ್ತು ನಂಗೆ."

"ನಾಲ್ಕು ಗಂಟೆಗೆ ಹತ್ತೀರಿ ಅಕ್ಕಾ, ನಾನು ಬಂದು ಚಪ್ಪಾಳೆ ಹೊಡೀತೀನಿ" ಎಂದೆ. ಹಾಗೆಂದು ಬಾಯಿ ಮುಚ್ಚುವಷ್ಟರಲ್ಲಿ ಮಹಡಿಯಿಂದ ಕೂಗು ಬಂತು.

"ತಂತಿಯಮ್ಮಾ! ಎಡಗಾಲು ಒಂದೂ ಇಲ್ಲ!"

ಓಡಿದೆ. ನಿಜ. ಯಾವ ಎಡಗಾಲನ್ನು ಕೇಳಿದರೂ ಅಂಥದ್ದು ಇಲ್ಲಿಲ್ಲ ಎಂಬ ಉತ್ತರ. ಎಡಪ್ಪನಿಗೆ ಏನೋ ಆಗಿದೆ ಎಂದುಕೊಂಡು ಕೆಳಗೆ ಬಂದು ಅವನನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಒಂದು ನಿಮಿಷ ಕಳೆಯಿತು. ಮೇಲಿನಿಂದ "ಬಂತು, ಬಂತು!" ಎಂಬ ಸಂಭ್ರಮ. ನಾನು ಕೈ ಒರೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಕೆಳಗಿನ ಕೋಣೆಯಿಂದ "ಅಯ್ಯೋ, ಬಲಗಾಲು ಹೋಯ್ತು!"

ಬಲಪ್ಪನನ್ನು ನಿಲ್ಲಿಸಿ ಎಬ್ಬಿಸಿದೆ. ಕೆಳಗಿನವರು "ಬಂತು!" ಮೇಲಿನವರು "ಹೋಯ್ತು!"

ಎಡಪ್ಪನನ್ನು ಎಬ್ಬಿಸಿದೆ. ಮೇಲೆ "ಬಂತು!" ಕೆಳಗೆ "ಹೋಯ್ತು!"

ನಾಲ್ಕನೆಯ ಸಲಕ್ಕೆ ಅದೊಂದು ಆಟವೇ ಆಗಿಹೋಯಿತು. ಮೇಲಿನವರು ಬಂತು ಎಂದಾಗ ಕೆಳಗಿನವರು ಮೇಜು ಬಡಿದು ಹೋಯ್ತು ಎನ್ನುವರು, ಮೆಟ್ಟಿಲ ಮೇಲೆ ನಿಂತವರು ಎರಡಕ್ಕೂ ಕೈ ತಟ್ಟುವರು. ನನಗೂ ನಗು ತಡೆಯಲಾಗಲಿಲ್ಲ. ಅಳತೆ ಕೋಣೆಯಲ್ಲಿದ್ದ ಅಂಚೆಯಮ್ಮ ಕೂಡ ಊರುಗೋಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದರು. ಪರೀಕ್ಷೆ ಅವರದು ಎಂಬುದನ್ನು ಅವರೂ ಮರೆತಿದ್ದರು, ನಾವೂ ಮರೆತಿದ್ದೆವು.

ನೆನಪಿಸಿದವರು ದೊಡ್ಡ ಮೇಸ್ತ್ರಿಗಳು. ಮೈಗೆಲ್ಲ ಪ್ಲಾಸ್ಟರಿನ ಬಿಳಿ ಪುಡಿ ಮೆತ್ತಿಕೊಂಡು ಕೊರೆಯುವ ಯಂತ್ರದ ಕೋಣೆಯಿಂದ ಹೊರಬಂದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಮೆಲ್ಲಗೆ ಮಾತಾಡುತ್ತಾರೆ, ನಾವು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುತ್ತೇವೆ.

"ಅಚ್ಚು ಕೊರೆಯೋಕೆ ಅರ್ಧ ಗಂಟೆ. ಬಿಸಿ ಪ್ಲಾಸ್ಟಿಕ್ ಎಳೆದು ಆರಿಸೋಕೆ ಒಂದು ಗಂಟೆ. ಕತ್ತರಿಸಿ, ಪಾದ ಜೋಡಿಸಿ, ನಡೆಸಿ ನೋಡೋಕೆ ಒಂದೂವರೆ" ಎಂದು ಬೆರಳು ಮಡಿಸಿದರು. "ಹನ್ನೆರಡೂವರೆಗೆ ನನ್ನ ಯಂತ್ರ ತಿರುಗಬೇಕು. ಇಲ್ಲದಿದ್ರೆ ಆ ತಾಯಿಗೆ ನೀನೇ ಹೋಗಿ ಹೇಳು."

ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಎಡಗಾಲು ಬಂದಾಗ ಎಡಗಾಲನ್ನು ಕೊರೆದರಾಯಿತಲ್ಲ ಎಂದು ನೀವು ಕೇಳಬಹುದು. ಅತ್ತೆಯೂ ಕೇಳಿದರು. ಆಗುವುದಿಲ್ಲ. ಹಿಂದೊಮ್ಮೆ ಒಂದು ಕಾಲು ಎರಡು ಬೆರಳು ಗಿಡ್ಡವಾಗಿ ಹೋಗಿ, ಅದನ್ನು ತೊಟ್ಟವರು ಮೂರು ತಿಂಗಳು ವಾಲಿಕೊಂಡು ನಡೆದಿದ್ದರು. ಅಂದಿನಿಂದ ಗಟ್ಟಿಯಿರುವ ಕಾಲಿನ ಅಳತೆಯನ್ನೂ ತೆಗೆದಿಡುತ್ತೇವೆ, ಮೇಸ್ತ್ರಿಗಳ ಯಂತ್ರಕ್ಕೆ ಜೋಡಿ ಕಾಣಬೇಕು. ಎಡಪ್ಪನಲ್ಲಿ ಎಡಗಾಲು, ಬಲಪ್ಪನಲ್ಲಿ ಬಲಗಾಲು ಎರಡೂ ಒಟ್ಟಿಗೆ ತೆರೆದರೆ ಮಾತ್ರ ಹಲ್ಲು ಇಡುತ್ತದೆ. ಬೇರೆ ಕಡೆ ಇಟ್ಟುಕೊಟ್ಟರೆ ಕಣ್ಣೆತ್ತಿಯೂ ನೋಡದು. ಪೆನ್‌ಡ್ರೈವ್ ಕಡ್ಡಿಯಲ್ಲಿ ಹಾಕಿ ಚುಚ್ಚೋಣವೆಂದರೆ ಚುಚ್ಚುವ ಕಿಂಡಿಯನ್ನು ಮೇಸ್ತ್ರಿಗಳು ಎಂದೋ ಪ್ಲಾಸ್ಟರ್ ಮೆತ್ತಿ ಮುಚ್ಚಿದ್ದಾರೆ. ಯಾರೋ ಅದಕ್ಕೆ ಹಾಡುಗಳನ್ನು ಚುಚ್ಚಿದ್ದರಂತೆ.

ನಾನು ಹುಡುಕತೊಡಗಿದೆ. ಎಡಪ್ಪನನ್ನು ಕರೆದು ನೋಡಿದೆ, ಓ ಎಂದ. ಬಲಪ್ಪನನ್ನು ಕರೆದೆ, ಅವನೂ ಓ ಎಂದ. ಇಬ್ಬರ ಹೊಟ್ಟೆಯಲ್ಲೂ ಕಾಲುಗಳು ಭದ್ರವಾಗಿದ್ದವು, ಒಂದು ಹೆಬ್ಬೆರಳೂ ಕಳೆದಿರಲಿಲ್ಲ. ತಂತಿ ಬದಲಿಸಿದೆ. ತಂತಿ ಸೇರುವ ತೂತು ಬದಲಿಸಿದೆ. ಪೊರಕೆಯೊಂದು ತಲೆ ಮೇಲೆ ಬಿತ್ತು, ಅದನ್ನೂ ಬದಲಿಸಿ ಆಚೆ ಇಟ್ಟೆ.

ಸಲಹೆಗಳಿಗೇನೂ ಬರವಿರಲಿಲ್ಲ. ಪ್ಲಾಸ್ಟರ್ ಕಲಸುವವನು ಧೂಳು ಕೂತಿದೆ ಎಂದ, ಧೂಳಿನ ಬಗ್ಗೆ ಮಾತಾಡಲು ಅವನಿಗಿಂತ ಯೋಗ್ಯರು ಯಾರಿದ್ದಾರೆ. ಮೇಲಿನವರು ಕೆಳಗಿನವರದೇ ಕಿತಾಪತಿ ಎಂದರು. ಕೆಳಗಿನವರು ಮೇಲೆ ನೋಡಿ ಉಗುಳಿದರೆ ಎಲ್ಲಿ ಬೀಳುತ್ತದೆ ಎಂದು ಕೇಳಿದರು. ಅತ್ತೆ ಮಾತ್ರ ಸೂಜಿಗೆ ದಾರ ಪೋಣಿಸುತ್ತಾ, "ಹೊಸ ಬಲಪ್ಪನ ಮೇಲೆ ಯಾರದೋ ಕಣ್ಣು ಬಿದ್ದಿದೆ. ನಾನು ನಿನ್ನೆ ಅಷ್ಟು ಜೋರಾಗಿ ಹೇಳಬಾರದಿತ್ತು" ಎಂದರು.

ಕೊನೆಗೆ ಗುಮಾಸ್ತನ ಪುಸ್ತಕ ತೆರೆದೆ. ಒಂದು ಸಲ ವಿಳಾಸ ಇಪ್ಪತ್ತೊಂದು ಎಂದಿರುತ್ತದೆ, ಇನ್ನೊಂದು ಸಲ ಇಪ್ಪತ್ತೆರಡು ಎಂದಿರುತ್ತದೆ. ಸಿಕ್ಕಿಬಿದ್ದೆಯಾ ಮಗನೇ ಎಂದೆ. ಕೈಯಾರೆ ತಿದ್ದಿದೆ. ಮೇಲೆ ಬಂತು, ಕೆಳಗೆ ಹೋಯ್ತು. ಮತ್ತೆ ತಿದ್ದಿದೆ. ಕೆಳಗೆ ಬಂತು, ಮೇಲೆ ಹೋಯ್ತು. ಹನ್ನೊಂದೂವರೆಯಾಯಿತು. ಗುಮಾಸ್ತನಿಗೆ ಅರಳುಮರುಳು ಎಂದು ತೀರ್ಮಾನಿಸಿ, ತಲೆ ಮೇಲೆ ಕೈ ಹೊತ್ತು ಅಳತೆ ಕೋಣೆಗೆ ಬಂದು ಅಂಚೆಯಮ್ಮನ ಪಕ್ಕ ಕುಸಿದೆ. ಹೇಳಿಬಿಡೋಣವೆಂದೇ ಬಂದಿದ್ದೆ, ಬದಲಿಗೆ ಜಾರುತ್ತಿದ್ದ ಅವರ ಊರುಗೋಲನ್ನು ನೆಟ್ಟಗೆ ಒರಗಿಸಿದೆ.

"ಏನಮ್ಮ, ವಿಳಾಸದ ತೊಂದರೆ ಅಂತ ಕೂಗಾಡ್ತಿದ್ರಲ್ಲ" ಎಂದರು ಅವರು. "ವಿಳಾಸ ಅಂದ್ರೆ ನಂಗೂ ಸ್ವಲ್ಪ ಗೊತ್ತು. ಹೇಳು ನೋಡೋಣ."

ಇದು ಆ ಥರದ ವಿಳಾಸ ಅಲ್ಲ ಅಕ್ಕಾ ಎನ್ನಲು ಬಾಯಿ ತೆರೆದೆ. ಆದರೆ ಅವರ ಮುಖ ನೋಡಿ, ಹೇಳಿದರೆ ಹೋಗುವುದೇನು ಎನ್ನಿಸಿತು. ಹೇಳಿದೆ. ಎಡಪ್ಪ, ಬಲಪ್ಪ, ಗುಮಾಸ್ತ, ಅವನ ಪುಸ್ತಕ ಎಲ್ಲ.

"ಗುಮಾಸ್ತ ತಾನಾಗೇ ವಿಳಾಸ ಬದಲಾಯಿಸ್ತಾನಾ?"

"ಇಲ್ಲ ಅಕ್ಕಾ. ಪೆಟ್ಟಿಗೆ ಎದ್ದ ತಕ್ಷಣ ತಾನೇ ಗುಮಾಸ್ತನ ಹತ್ರ ಹೋಗಿ ಹೇಳುತ್ತೆ, ನಾನು ಇಂಥವನು, ಈಗ ಇಂಥ ಮನೇಲಿದ್ದೀನಿ ಅಂತ. ಅವನು ಹಳೇದನ್ನ ಹೊಡೆದುಹಾಕಿ ಹೊಸದು ಬರ್ಕೋತಾನೆ."

"ಇಂಥವನು ಅಂತ ಗುಮಾಸ್ತನಿಗೆ ಹೇಗೆ ಗೊತ್ತಾಗುತ್ತೆ? ಹೆಸರು ನೋಡ್ತಾನಾ?"

"ಹೆಸರು ನಾವು ಕರೆಯೋಕೆ. ಅವನು ನೋಡೋದು ಗುರುತಿನ ಚೀಟಿ. ಪ್ರತಿ ಪೆಟ್ಟಿಗೆಯೂ ಮೊದಲ ಸಲ ಏಳುವಾಗ ತನಗೆ ತಾನೇ ಒಂದು ಉದ್ದನೆ ಸಂಖ್ಯೆ ಬರ್ಕೊಳ್ಳುತ್ತೆ, ಸಾಯೋವರೆಗೂ ಅದೇ."

ಅಂಚೆಯಮ್ಮ ಗೋಡೆಗೊರಗಿ ನಗತೊಡಗಿದರು. ನನಗೆ ಮೈ ಉರಿಯಿತು. ಇಲ್ಲಿ ಅವರ ಕೆಲಸವೇ ಹೋಗುವ ಹೊತ್ತು ಬಂದಿದೆ, ನಗುವೇನು ನಗು?

"ನನ್ನ ಬೀದೀಲಿ ಇಬ್ರು ಅಣ್ಣತಮ್ಮಂದಿರು ಇದ್ರಮ್ಮ" ಎಂದರು. "ಜಗಳ ಆಡಿ ಬೇರೆ ಆದ್ರು, ತಮ್ಮ ಪಕ್ಕದ ಮನೆಗೆ ಹೋದ. ಆಮೇಲೆ ಶುರುವಾಯ್ತು ನೋಡು. ಈ ವಾರ ಇಬ್ರ ಕಾಗದಾನೂ ತಮ್ಮನ ಮನೆಗೆ, ಮುಂದಿನ ವಾರ ಇಬ್ರದೂ ಅಣ್ಣನ ಮನೆಗೆ. ಇಬ್ರೂ ನಂಗೇ ಬೈದು, ಸರದಿ ಮೇಲೆ ಕಚೇರಿಗೆ ಹೋಗಿ ತಮ್ಮ ತಮ್ಮ ಮನೆ ನಂಬರ್ ಬರೆಸಿ ಬರ್ತಿದ್ರು. ನಮ್ಮ ಕಚೇರೀಲಿ ನಮ್ಮ ಗುಮಾಸ್ತರಿಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಅವರು ಪಾಪ ಸರಿಯಾಗೇ ಇದ್ರು. ಆ ಸೋಮಾರಿ ತಮ್ಮ ತನ್ನ ಚೀಟಿ ಹುಡುಕೋಕೆ ಬೇಜಾರಾಗಿ, ಅಣ್ಣನ ಕಡತಾನೇ ಪೂರ್ತಿ ಝೆರಾಕ್ಸ್ ಮಾಡಿಸಿ ಕೊಟ್ಟಿದ್ದ. ಹೆಸರು ತಿದ್ದಿದ್ದ, ಮನೆ ನಂಬರ್ ತಿದ್ದಿದ್ದ, ಒಳಗಿದ್ದ ಚೀಟಿ ಮಾತ್ರ ಅಣ್ಣಂದೇ. ಪುಸ್ತಕದಲ್ಲಿ ಇಬ್ರು ಇರಲೇ ಇಲ್ಲ ಕಣಮ್ಮ, ಒಬ್ಬನೇ. ವಾರವಾರ ಮನೆ ಬದಲಾಯಿಸೋ ಒಬ್ಬ ಹುಚ್ಚ."

ಝೆರಾಕ್ಸ್ ಎಂಬ ಮಾತು ಕಿವಿಗೆ ಬಿದ್ದದ್ದಷ್ಟೇ ಗೊತ್ತು. ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಹೆಗಲಿಗೆ ಹೋಯಿತು. ಹೆಸರು ತಿದ್ದಿದ್ದೆ. ಮನೆ ನಂಬರ್ ತಿದ್ದಿದ್ದೆ. ಎಡಪ್ಪನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ, ಎಲ್ಲವನ್ನೂ, ನಾನೇ ಈ ಕೈಯಾರೆ ನಕಲು ಮಾಡಿದ್ದೆ.

ಓಡಿದೆ. ಪೊರಕೆಗಳು ಧಡಧಡ ಬಿದ್ದವು. ಗುಮಾಸ್ತನ ಪುಸ್ತಕ ತೆರೆದೆ, ಈ ಸಲ ವಿಳಾಸ ನೋಡಲಿಲ್ಲ, ತಲೆ ಎಣಿಸಿದೆ. ಒಬ್ಬನೇ! ಎರಡು ಪೆಟ್ಟಿಗೆ ಗುಂಯ್‌ಗುಡುತ್ತಿವೆ, ಪುಸ್ತಕದಲ್ಲಿರುವುದು ಒಬ್ಬನೇ ಆಸಾಮಿ. ಬೆಳಗಿನಿಂದ ಅದೇ ಪುಟವನ್ನು ಇಪ್ಪತ್ತು ಸಲ ನೋಡಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ. ಖುಷಿಗೆ ಕಿರುಚಿಬಿಟ್ಟೆ. ಮೇಲಿನವರೂ ಕೆಳಗಿನವರೂ ಓಡಿ ಬಂದರು. ಅವರ ಮುಖಗಳನ್ನು ನೋಡಿದ ಮೇಲೆಯೇ ಹೊಳೆದದ್ದು, ಇದು ಖುಷಿಪಡುವ ಸಂಗತಿಯಲ್ಲ, ತಪ್ಪೊಪ್ಪಿಕೊಳ್ಳುವ ಸಂಗತಿ ಎಂದು.

"ಧೂಳಲ್ಲ, ಕಣ್ಣೂ ಬಿದ್ದಿಲ್ಲ" ಎಂದೆ. "ನಾನೇ ಮಾಡಿದ್ದು. ಬೇಗ ಮುಗಿಸಬೇಕು ಅಂತ ಎಡಪ್ಪನನ್ನೇ ಪೂರ್ತಿ ನಕಲು ಮಾಡಿ ಬಲಪ್ಪ ಅಂತ ಹೆಸರಿಟ್ಟೆ. ಗುರುತಿನ ಚೀಟಿನೂ ಅದರ ಜೊತೆ ಬಂದಿದೆ. ಒಬ್ಬ ಎದ್ದಾಗ ಇನ್ನೊಬ್ಬ ಮನೆ ಬಿಟ್ಟ ಅಂತ ಗುಮಾಸ್ತ ಬರ್ಕೊಳ್ತಿದ್ದಾನೆ."

ಕೆಳಗಿನ ಕೋಣೆಯವನೊಬ್ಬ, "ಅರ್ಧ ದಿನದಲ್ಲಿ ಮುಗಿಸಿದ್ದು ಇದನ್ನೇನಾ?" ಎಂದ. ಕಿಸಕ್ಕೆಂದು ಯಾರೋ ನಕ್ಕರು.

ಗುಂಪನ್ನು ಸೀಳಿಕೊಂಡು ಅತ್ತೆ ಬಂದರು, ಬಾಯಲ್ಲಿ ದಾರ, ಕೈಯಲ್ಲಿ ಕತ್ತರಿ. "ನೋಡಪ್ಪಾ, ನನ್ನ ಸೊಸೆಗೆ ಬೈಯೋ ಹಕ್ಕಿರೋದು ನನಗೊಬ್ಬಳಿಗೇ" ಎಂದರು. "ಅದನ್ನ ಮನೇಲಿ ನಿಧಾನವಾಗಿ ಬೈತೀನಿ, ಇಡೀ ವಾರ ಬೈತೀನಿ. ನೀವೆಲ್ಲ ಜಾಗ ಬಿಡಿ, ಅವಳಿಗೆ ಕೈ ಆಡಬೇಕು. ಏ ಹುಡುಗಿ, ಗಂಟೆ ಎಷ್ಟು?"

ಹನ್ನೆರಡಕ್ಕೆ ಹತ್ತು ನಿಮಿಷ.

ಬಲಪ್ಪನನ್ನು ನಿಲ್ಲಿಸಿದೆ. ಹುಡುಕಿ ಆ ಚೀಟಿಯ ಕಡತವನ್ನು ಅಳಿಸಿದೆ. ಎಷ್ಟು ಪುಟ್ಟದು ಗೊತ್ತೇ? ಒಂದು ಕಾಲ್ಬೆರಳ ಉಗುರಿನ ಚಿತ್ರಕ್ಕೆ ಬೇಕಾದ ಜಾಗದಲ್ಲಿ ಸಾವಿರ ಚೀಟಿ ಹಿಡಿಸಬಹುದು. ಮತ್ತೆ ಎಬ್ಬಿಸಿದೆ. ಈ ಸಲ ಬಲಪ್ಪ ಎದ್ದು, ಹೊಟ್ಟೆ ತಡವಿಕೊಂಡು, ಚೀಟಿ ಕಾಣದೆ ತನ್ನದೇ ಒಂದು ಹೊಸ ಸಂಖ್ಯೆ ಬರೆದುಕೊಂಡ. ಗುಮಾಸ್ತನ ಬಳಿ ಹೋಗಿ ಹೊಸಬ ಬಂದಿದ್ದೇನೆ ಎಂದ. ಪುಸ್ತಕದಲ್ಲಿ ಎರಡನೆಯ ಹೆಸರು ಮೂಡಿತು. ಎಡಪ್ಪನನ್ನೂ ಒಮ್ಮೆ ಎಬ್ಬಿಸಿದೆ, ಅವನ ಹಳೆಯ ಮನೆ ಅವನಿಗೆ ದಕ್ಕಿತು. ಆಮೇಲೆ ಗುಮಾಸ್ತನಿಗೆ, ಇಬ್ಬರ ಮನೆಗೂ ಹೋಗಿ ಯಾರ ಬಳಿ ಏನಿದೆಯೆಂದು ಕಣ್ಣಾರೆ ನೋಡಿ ಬರೆದುಕೊಂಡು ಬಾ ಎಂದೆ. ಅವನು ಬರೆದುಕೊಂಡು ಬರುವವರೆಗೆ ನಾನು ಉಗುರು ಕಚ್ಚಿದೆ. ಹತ್ತು ಉಗುರಲ್ಲಿ ಏಳು ಮುಗಿದಿತ್ತು.

ಮೇಲಿನಿಂದ "ಬಂತು!" ಎಂದರು.

ಎಲ್ಲರೂ ಕೆಳಗಿನ ಬಾಗಿಲ ಕಡೆ ತಿರುಗಿದರು.

"ನಮ್ದೂ ಇದೆ!" ಎಂದರು ಕೆಳಗಿನವರು. "ಹೋಗಿಲ್ಲ! ಇಲ್ಲೇ ಇದೆ!"

ಪ್ಲಾಸ್ಟರ್ ಕಲಸುವವನು ನನ್ನ ಬೆನ್ನು ತಟ್ಟಿದ, ಐದೂ ಬೆರಳು ಬಿಳಿಯಾಗಿ ಮೂಡಿದವು. ಹನ್ನೆರಡೂ ಇಪ್ಪತ್ತು. ಎಲ್ಲರೂ ಮೆರವಣಿಗೆಯಂತೆ ಕೊರೆಯುವ ಯಂತ್ರದ ಕೋಣೆಗೆ ನುಗ್ಗಿದೆವು. ಮೇಸ್ತ್ರಿಗಳು ಗುಂಡಿ ಒತ್ತಿದರು. ಯಂತ್ರ ಯೋಚಿಸಿತು. ಬಲಗಾಲು ಇಲ್ಲ ಎಂದಿತು.

ಮೇಸ್ತ್ರಿಗಳು ನನ್ನನ್ನು ನೋಡಿದರು. ಆಮೇಲೆ ಗಡಿಯಾರ ನೋಡಿದರು. ಇಡೀ ಕಾರ್ಖಾನೆಗೆ ಕಾಣುವ ಬಲಗಾಲು ಇದೊಂದಕ್ಕೆ ಯಾಕೆ ಕಾಣುವುದಿಲ್ಲ? ಗುಮಾಸ್ತನ ಪುಸ್ತಕ ಸರಿ, ಬಲಪ್ಪ ಸರಿ, ತಂತಿ ಸರಿ. ಬಾಗಿಲಲ್ಲಿ ಟಕ್ ಟಕ್ ಎಂದು ಊರುಗೋಲಿನ ಸದ್ದಾಯಿತು.

"ಅದು ಪುಸ್ತಕ ನೋಡ್ತಿದೆಯಾ, ಇಲ್ಲಾ ಬಾಯಿಪಾಠ ಒಪ್ಪಿಸ್ತಿದೆಯಾ?" ಎಂದರು ಅಂಚೆಯಮ್ಮ. "ನಾನೂ ಅಷ್ಟೇ. ಯಾರಾದ್ರೂ ಮನೆ ಬಿಟ್ಟು ಹೋದ್ರೆ ಒಂದು ತಿಂಗಳು ಕಾಲು ಹಳೇ ಬಾಗಿಲಿಗೇ ಹೋಗುತ್ತೆ."

ಆ ಹೆಂಗಸನ್ನು ನಾನು ಅಪ್ಪಿಕೊಂಡುಬಿಟ್ಟೆ, ಊರುಗೋಲು ಸಮೇತ. ನಮ್ಮ ಕಂಪ್ಯೂಟರುಗಳೆಲ್ಲ ಹೊಸವು, ಅನುಮಾನ ಬಂದಾಗೆಲ್ಲ ಗುಮಾಸ್ತನನ್ನು ಕೇಳುತ್ತವೆ. ಯಂತ್ರ ಹಳೆಯದು, ಒಮ್ಮೆ ಕೇಳಿದ್ದನ್ನು ಗಂಟೆಗಟ್ಟಲೆ ಸೆರಗಿಗೆ ಗಂಟು ಹಾಕಿಕೊಂಡಿರುತ್ತದೆ. ಅದರ ಮುಂದೆ ಮಂಡಿಯೂರಿ, ಕಲಿತದ್ದನ್ನೆಲ್ಲ ಮರೆತು ಪುಸ್ತಕವನ್ನು ಹೊಸದಾಗಿ ಕೇಳು ಎಂಬ ಒಂದು ಸಾಲಿನ ಆಜ್ಞೆ ಕೊಟ್ಟೆ. ಮೇಸ್ತ್ರಿಗಳು ಮತ್ತೆ ಗುಂಡಿ ಒತ್ತಿದರು. ಪರದೆಯ ಮೇಲೆ ಎಡಗಾಲು ಬಂತು. ಅದರ ಪಕ್ಕದಲ್ಲಿ ಬಲಗಾಲು ಬಂತು. ಎರಡೂ ಜೋಡಿಯಾಗಿ ನಿಂತವು, ಹಲ್ಲು ತಿರುಗಿತು, ಬಿಳಿ ಪುಡಿ ಹಾರಿತು.

ಹನ್ನೆರಡು ಇಪ್ಪತ್ತೊಂಬತ್ತು. ನಾವು ಅಲ್ಲಿ ಕುಣಿದದ್ದನ್ನು ಬರೆಯುವುದಿಲ್ಲ. ಮೇಸ್ತ್ರಿಗಳೂ ಒಂದು ಹೆಜ್ಜೆ ಹಾಕಿದರು ಎಂದು ಅತ್ತೆ ಹೇಳುತ್ತಾರೆ, ಅವರು ಅಲ್ಲವೆನ್ನುತ್ತಾರೆ.

ಆಮೇಲಿನ ಮೂರು ಗಂಟೆ ನನ್ನ ಕೆಲಸವೇನೂ ಇರಲಿಲ್ಲ. ಮೇಸ್ತ್ರಿಗಳು ಬಿಸಿ ಪ್ಲಾಸ್ಟಿಕನ್ನು ಅಚ್ಚಿನ ಮೇಲೆ ಎಳೆದರು, ಅಂಚು ಉಜ್ಜಿದರು, ಪಾದ ಜೋಡಿಸಿದರು. ಅತ್ತೆ ಪಟ್ಟಿ ಬಿಗಿದು ಅಂಚಿಗೆ ಎರಡೆರಡು ಸಲ ಹೊಲಿಗೆ ಹಾಕಿದರು. ಅಂಚೆಯಮ್ಮ ಕನ್ನಡಿಯ ಮುಂದಿನ ಕಂಬಿಗಳ ನಡುವೆ ನಡೆದರು. ಮೊದಲು ಕಂಬಿ ಹಿಡಿದು, ಆಮೇಲೆ ಒಂದು ಬೆರಳಿಟ್ಟು, ಆಮೇಲೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ.

"ಉಜ್ಜುತ್ತಾ?" ಎಂದರು ಮೇಸ್ತ್ರಿಗಳು.

"ಇದೆ ಅಂತಾನೇ ಗೊತ್ತಾಗ್ತಿಲ್ಲ ಸ್ವಾಮಿ" ಎಂದರು ಅವರು. ಮೇಸ್ತ್ರಿಗಳು ಮುಖ ಆಚೆ ತಿರುಗಿಸಿ, ಕಣ್ಣಿಗೆ ಪುಡಿ ಬಿತ್ತು ಎಂದರು. ಸುಳ್ಳು. ಅವರ ಕಣ್ಣಿಗೆ ಮೂವತ್ತು ವರ್ಷದಿಂದ ಪುಡಿ ಬೀಳುತ್ತಿದೆ, ಎಂದೂ ಒರೆಸಿಕೊಂಡವರಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ನಾನು, ಅತ್ತೆ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡ ಮೇಸ್ತ್ರಿಗಳು ಅಂಚೆ ಕಚೇರಿಯ ಹಿತ್ತಲಲ್ಲಿ ನಿಂತಿದ್ದೆವು. ಕನ್ನಡಕದ ಮೇಲಧಿಕಾರಿಯೊಬ್ಬರು ಚೀಲವನ್ನು ತಾವೇ ಎತ್ತಿ ತೂಕ ನೋಡಿ ಅಂಚೆಯಮ್ಮನ ಹೆಗಲಿಗೆ ಹಾಕಿದರು. ಅವರು ಹತ್ತತೊಡಗಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಅತ್ತೆ ಬಾಯಿಬಿಟ್ಟೇ ಎಣಿಸುತ್ತಿದ್ದರು. ಮೂವತ್ತೆಂಟರಲ್ಲಿ ಅಂಚೆಯಮ್ಮ ಒಂದು ಕ್ಷಣ ನಿಂತರು. ಮೇಸ್ತ್ರಿಗಳ ಕೈ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು. ಅವರು ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿ, ನಮ್ಮತ್ತ ನೋಡಿ ಕಣ್ಣು ಮಿಟುಕಿಸಿ, ಮತ್ತೆ ಹತ್ತಿದರು. ಅರವತ್ತೆರಡು! ಮೇಲಿನಿಂದ ಅವರು ಕೈ ಬೀಸಿದಾಗ ಅತ್ತೆ ಆ ಮೇಲಧಿಕಾರಿಯ ತೋಳು ಹಿಡಿದು, "ನೋಡಿದ್ರಾ, ಪಟ್ಟಿ ನಾನೇ ಹೊಲಿದಿದ್ದು" ಎಂದರು. ಅವರು ಹೌದಾ ಎಂದು ಬರೆದುಕೊಂಡರು, ಏನು ಬರೆದುಕೊಂಡರೋ. ಅಂಚೆಯಮ್ಮ ಇಳಿದದ್ದು ಹತ್ತಿದ್ದಕ್ಕಿಂತ ಜೋರಾಗಿ. ನಾನು ಮಾತು ಕೊಟ್ಟಂತೆ ಚಪ್ಪಾಳೆ ಹೊಡೆದೆ. ಅಂಗೈ ಕೆಂಪಾಯಿತು, ಕಣ್ಣೂ ಕೆಂಪಾಯಿತು.

ಅತ್ತೆಯೂ ಮಾತು ಉಳಿಸಿಕೊಂಡರು. ಮಂಗಳವಾರ ಬೈದರು, ಬುಧವಾರ ಬೈದರು, ಗುರುವಾರ ನೆನಪಿಟ್ಟುಕೊಂಡು ಬೈದರು. ಶುಕ್ರವಾರ ನನಗೆ ಮಧ್ಯಾಹ್ನದ ಮೇಲೆ ಕೆಲಸ, ಬೆಳಿಗ್ಗೆ ಮನೆಯಲ್ಲೇ ಇದ್ದೆ. ಅತ್ತೆ ಹೊರಡುವ ಆತುರದಲ್ಲೂ ಒಂದು ಕಂತು ಬೈಗುಳಕ್ಕೆ ಆಗತಾನೇ ಬಾಯಿ ತೆರೆದಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಒಂದು ಹೆಜ್ಜೆ ಮೆತ್ತಗೆ, ಇನ್ನೊಂದು ಸ್ವಲ್ಪ ಗಟ್ಟಿ. ಮೊದಲ ಮಹಡಿ ದಾಟಿತು, ಎರಡನೆಯದು ದಾಟಿತು, ನಮ್ಮ ಬಾಗಿಲಲ್ಲಿ ನಿಂತಿತು.

ಅಂಚೆಯಮ್ಮ. ಇಸ್ತ್ರಿ ಮಾಡಿದ ಸಮವಸ್ತ್ರ, ತುಂಬಿದ ಚೀಲ, ಹಣೆ ಮೇಲೆ ಬೆವರು. "ಇದು ನನ್ನ ಬೀದಿಯಲ್ಲ. ಇಲ್ಲಿ ಕಾಗದ ಹಂಚೋರು ಇವತ್ತು ರಜ, ಕೇಳಿ ಹಾಕಿಸ್ಕೊಂಡೆ" ಎಂದು ಒಂದು ಕಾಗದ ಚಾಚಿದರು. ನೋಡಿದರೆ ಹಾಸಿಗೆ ಅಂಗಡಿಯ ಜಾಹೀರಾತು. ಮೂರು ಮಹಡಿಗೆ, ಮನೆಮನೆಗೆ ಹಂಚುವ ಅದೇ ಜಾಹೀರಾತು.

"ಅಯ್ಯೋ ಅಕ್ಕಾ, ಇದಕ್ಕೋಸ್ಕರ ಇಷ್ಟು ಮೆಟ್ಟಿಲು ಹತ್ತಿದ್ರಾ? ಕೆಳಗೆ ಡಬ್ಬಿ ಇದೆಯಲ್ಲ!"

"ಡಬ್ಬಿ ಇದೆ ಅಂತ ನೋಡ್ದೆ" ಎಂದರು ಅಂಚೆಯಮ್ಮ. "ಆದ್ರೆ ಕಾಲೂ ಇದೆಯಲ್ಲಮ್ಮ."

ಅತ್ತೆ ಬೈಯಲು ತೆರೆದಿದ್ದ ಬಾಯಿಯನ್ನು ಮುಚ್ಚಿ, ಮತ್ತೆ ತೆರೆದು, ಮೆಟ್ಟಿಲ ಕಡೆ ತಿರುಗಿ, ಕೆಳಗಿನ ಬಾಗಿಲಿನವರೆಗೂ ಕೇಳಿಸುವಂತೆ ಹೇಳಿದರು: "ನೋಡಿ ಎಲ್ರೂ! ನನ್ನ ಸೊಸೆ ಸರಿಮಾಡಿದ ಕಾಲು!" ಎದುರುಮನೆಯವರು ಬಾಗಿಲು ತೆರೆದು ಹೌದಾ ಎಂದರು. ನಾನು ಈ ಸಲ ಬಾಗಿಲ ಹಿಂದೆ ಹೋಗಲಿಲ್ಲ. ಅಂಚೆಯಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟೆ. ಅವರು ನಿಂತೇ ಕುಡಿದು, ಲೋಟ ನನ್ನ ಕೈಗಿಟ್ಟು, ಇನ್ನೊಂದು ಜಾಹೀರಾತು ಹಿಡಿದು ಎದುರುಮನೆಗೆ ನಡೆದರು.